ಬುಬ್ಕಾ ಒಬ್ಬರೇ, ಹೆಸರು ಹಲವು

ಪೋಲ್‌ವಾಲ್ಟ್ ಎಂದೊಡನೆ ಕ್ರೀಡಾಪ್ರಿಯರಿಗೆ ಇಂದಿಗೂ ನೆನಪಾಗುವ ಹೆಸರು ಬುಬ್ಕಾ ಅವರದು. 1983ರಿಂದ 1997ರವರೆಗೆ ಸತತ ಆರು ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ಗಳಲ್ಲಿ ಚಿನ್ನ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ, ಒಳಾಂಗಣ ಹೊರಾಂಗಣಗಳೆರಡೂ ಸೇರಿ 35 ವಿಶ್ವದಾಖಲೆ. 1994ರಲ್ಲಿ ಅವರು ಹೊರಾಂಗಣದಲ್ಲಿ ಜಿಗಿದ 6.14 ಮೀಟರ್ ಎತ್ತರವನ್ನು ಹೊರಾಂಗಣದಲ್ಲೇ ಮತ್ತೊಬ್ಬರು ದಾಟಲು 2020 ಬರಬೇಕಾಯಿತು. ಇಷ್ಟು ಪ್ರಸಿದ್ಧ ವ್ಯಕ್ತಿಯ ಹೆಸರನ್ನು ಬರೆಯುವ ಬಗೆ ಮಾತ್ರ ಒಂದೇ ಅಲ್ಲ.

ಇಂಗ್ಲಿಷ್ ಪುಸ್ತಕಗಳಲ್ಲಿ ಅವರ ಮೊದಲ ಹೆಸರು ಒಮ್ಮೆ ‘ಐ’ ಅಕ್ಷರದಿಂದ ಮುಗಿದರೆ, ಇನ್ನೊಮ್ಮೆ ‘ವೈ’ನಿಂದ ಮುಗಿಯುತ್ತದೆ. ಜರ್ಮನ್ನರು ಅಲ್ಲಿ ‘ಜೆ’ ಬರೆಯುತ್ತಾರೆ; ಅವರ ಭಾಷೆಯಲ್ಲಿ ಅದು ‘ಯ’ಕಾರ. ಫ್ರೆಂಚರದು ಮತ್ತೊಂದು ರೀತಿ. ಫ್ರೆಂಚಿನಲ್ಲಿ ‘ಯು’ ಅಕ್ಷರವೊಂದರಿಂದಲೇ ‘ಉ’ಕಾರ ಹೊರಡದು. ಆದ್ದರಿಂದ ಅವರು ಬುಬ್ಕಾ ಎನ್ನಲು ‘ಓ’ ಮತ್ತು ‘ಯು’ ಎರಡನ್ನೂ ಜೋಡಿಸುತ್ತಾರೆ. ಸೋವಿಯತ್ ಕಾಲದ ಪಾಸ್‌ಪೋರ್ಟ್‌ಗಳಲ್ಲಿ ಹೆಸರುಗಳನ್ನು ಫ್ರೆಂಚ್ ಕ್ರಮದಲ್ಲೇ ಬರೆಯುತ್ತಿದ್ದುದರಿಂದ ಈ ರೂಪವೂ ಬಳಕೆಗೆ ಬಂತು. ಅದನ್ನು ಇಂಗ್ಲಿಷೆಂದು ಭಾವಿಸಿ ಓದಿದವರಿಗೆ ಬುಬ್ಕಾ ‘ಬೌಬ್ಕಾ’ ಆದರೆ ತಪ್ಪು ಓದಿದವರದೇನೂ ಅಲ್ಲ.

ಇಲ್ಲಿಯವರೆಗಿನದು ಬರೀ ಅಕ್ಷರಗಳ ತೊಡಕು. ಇದಕ್ಕಿಂತ ಆಳವಾದದ್ದು ಭಾಷೆಯ ಪ್ರಶ್ನೆ. ಬುಬ್ಕಾ ಹುಟ್ಟಿದ್ದು 1963ರಲ್ಲಿ, ಉಕ್ರೇನಿನ ಲುಹಾನ್‌ಸ್ಕ್‌ನಲ್ಲಿ. ರಷ್ಯನ್ನರು ಆ ಊರನ್ನು ಲುಗಾನ್‌ಸ್ಕ್ ಎನ್ನುತ್ತಾರೆ. ರಷ್ಯನ್ನಿನಲ್ಲಿ ‘ಗ’ ಎಂದು ಓದುವ ಅಕ್ಷರವನ್ನೇ ಉಕ್ರೇನಿಯನ್ನರು ‘ಹ’ಕಾರಕ್ಕೆ ಹತ್ತಿರವಾಗಿ ಉಚ್ಚರಿಸುತ್ತಾರೆ. ಹೀಗಾಗಿ ರಷ್ಯನ್ನಿನ ಸೆರ್ಗೇಯ್ ಉಕ್ರೇನಿಯನ್ನಿನಲ್ಲಿ ಸೆರ್ಹಿಯ್. ಅವರ ಮೊದಲ ಮೂರು ವಿಶ್ವ ಚಾಂಪಿಯನ್‌ಷಿಪ್ ಚಿನ್ನಗಳು ಸೋವಿಯತ್ ಒಕ್ಕೂಟದ ಲೆಕ್ಕಕ್ಕೆ ಸೇರಿವೆ. 1993, 1995 ಮತ್ತು 1997ರ ಮೂರು ಸ್ವತಂತ್ರ ಉಕ್ರೇನಿನವು. ಹೆಸರೂ ದೇಶವೂ ಎರಡೆರಡಾದಾಗ, ವಿಷಯ ತಿಳಿಯದವರು ಇವರು ಇಬ್ಬರು ಆಟಗಾರರೆಂದು ತಿಳಿದರೆ ಆಶ್ಚರ್ಯವಿಲ್ಲ. ಅಷ್ಟೇ ಅಲ್ಲ, ಅವರ ಅಣ್ಣ ವಾಸಿಲಿ ಬುಬ್ಕಾ ಕೂಡ ಪೋಲ್‌ವಾಲ್ಟ್ ಪಟು. 1986ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ತಮ್ಮನ ಹಿಂದೆಯೇ ಬೆಳ್ಳಿ ಗೆದ್ದವರು. ಮಗನಿಗೆ ತಂದೆಯದೇ ಹೆಸರು. ಅವರು ಟೆನಿಸ್ ಆಟಗಾರರಾದರು. ಅಂದರೆ ಕಾಗುಣಿತ ಬೇರೆಯಾದ ಮಾತ್ರಕ್ಕೆ ವ್ಯಕ್ತಿ ಬೇರೆಯಲ್ಲ. ಕಾಗುಣಿತ ಒಂದೇ ಆದ ಮಾತ್ರಕ್ಕೆ ವ್ಯಕ್ತಿ ಒಬ್ಬರೇ ಎಂದೂ ಅಲ್ಲ.

ನೆರೆಯ ಬೆಲರೂಸಿನ ಟೆನಿಸ್ ತಾರೆ ಅರಿನಾ ಸಬಲೆಂಕಾ ಅವರದೂ ಇಂಥದೇ ಕಥೆ. ರಷ್ಯನ್ ಲಿಪಿಯಲ್ಲಿ ಅವರ ಕುಲನಾಮವನ್ನು ‘ಸೊಬೊಲೆಂಕೊ’ ಎಂದು ಬರೆಯುತ್ತಾರೆ. ಒತ್ತಿಲ್ಲದ ‘ಒ’ಕಾರವನ್ನು ನುಡಿದಂತೆಯೇ ‘ಅ’ ಎಂದು ಬರೆಯುವುದು ಬೆಲರೂಸಿಯನ್ ಪದ್ಧತಿ. ಅದೇ ದೇಶದ ವಿಕ್ಟೋರಿಯಾ ಅಜರೆಂಕಾ ಅವರ ಹೆಸರಿನಲ್ಲಿ ಎರಡೂ ಭಾಷೆಗಳು ಬೆರೆತಿವೆ. ರಷ್ಯನ್ ರೂಪ ಅಜರೆಂಕೊ, ಬೆಲರೂಸಿಯನ್ ರೂಪ ಅಜರಾಂಕಾ. ಜಗತ್ತಿಗೆ ಪರಿಚಿತವಾದದ್ದು ಇವೆರಡೂ ಅಲ್ಲದ ಮೂರನೆಯದು.

ಇಂಥ ಹೆಸರುಗಳು ಕನ್ನಡಕ್ಕೆ ಬರುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಮೂಲದಿಂದ ಇಂಗ್ಲಿಷಿಗೆ ಬರುವಾಗ ಒಮ್ಮೆ ಸವೆದ ಹೆಸರು, ಅಲ್ಲಿಂದ ಕನ್ನಡಕ್ಕೆ ಬರುವಾಗ ಮತ್ತೊಮ್ಮೆ ಸವೆಯುತ್ತದೆ. ಬುಬ್ಕಾ ಎಂಬಲ್ಲಿ ಒತ್ತು ಬೀಳುವುದು ಮೊದಲ ಅಕ್ಷರದ ಮೇಲೆ. ಕೇಳಿ ಬರೆದರೆ ‘ಬೂಬ್ಕ’ ಹೆಚ್ಚು ಹತ್ತಿರ. ಆದರೆ ಇಂಗ್ಲಿಷಿನ ಕೊನೆಯ ‘ಎ’ ಅಕ್ಷರವನ್ನು ಕಂಡು ದೀರ್ಘ ಎಳೆಯುವುದು ನಮ್ಮಲ್ಲಿ ರೂಢಿಯಾಗಿದೆ.

ಈ ಸವೆತ ಎಷ್ಟೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ ಅವರ ಹೆಸರಿನಲ್ಲಿರುವುದು ಉಡುಪಿ ಜಿಲ್ಲೆಯ ಒಂದು ಊರು. ಹಿಂದಿ ಪತ್ರಿಕೆಗಳಲ್ಲಿ ಅದು ‘ಪಾದುಕೋಣ್’. ಇಂಗ್ಲಿಷಿನ ‘ಡಿ’ ಅಕ್ಷರ ಡಕಾರವೋ ದಕಾರವೋ ಎಂದು ಹೇಳುವುದಿಲ್ಲ. ಕೊನೆಯ ‘ಇ’ ಅಕ್ಷರವನ್ನು ಇಂಗ್ಲಿಷ್ ಓದುಗ ಉಚ್ಚರಿಸುವುದೂ ಇಲ್ಲ. ದೇವನಾಗರಿಯಲ್ಲಿ ‘ಪಡುಕೋಣೆ’ ಎಂದು ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಅಡ್ಡಿಯಾದದ್ದು ನಡುವೆ ನಿಂತ ಇಂಗ್ಲಿಷ್. ನಾವು ಬುಬ್ಕಾ ಅವರಿಗೆ ಮಾಡಿದ್ದನ್ನೇ ಹಿಂದಿಯವರು ಪಡುಕೋಣೆಯವರಿಗೆ ಮಾಡಿದ್ದಾರೆ.

ಹಾಗಾದರೆ ಸರಿಯಾದ ರೂಪ ಯಾವುದು? ಇದಕ್ಕೆ ವ್ಯಾಕರಣಕ್ಕಿಂತ ಆ ವ್ಯಕ್ತಿಯೇ ಒಳ್ಳೆಯ ಆಧಾರ. ಆಟಗಾರರು ತಮ್ಮನ್ನು ತಾವು ಹೇಗೆ ಕರೆದುಕೊಳ್ಳುತ್ತಾರೋ ಅದನ್ನು ಕೇಳಿ ಬರೆಯುವುದು, ಬರೆದ ಮೇಲೆ ಅದಕ್ಕೇ ಅಂಟಿಕೊಳ್ಳುವುದು, ಜೊತೆಗೆ ದೇಶ, ಸ್ಪರ್ಧೆ, ಹುಟ್ಟಿದ ವರ್ಷಗಳನ್ನು ಕೊಡುವುದು: ಇಷ್ಟಾದರೆ ಗೊಂದಲ ಬಹುಪಾಲು ಕಡಿಮೆಯಾಗುತ್ತದೆ. ಬುಬ್ಕಾ ಅವರಂಥ ದೊಡ್ಡವರನ್ನು ಯಾವ ಕಾಗುಣಿತದಲ್ಲಿ ಬರೆದರೂ ಜನ ಗುರುತಿಸುತ್ತಾರೆ. ಒಂದೇ ಒಂದು ಸಲ ಪದಕ ಗೆದ್ದು ಮರೆಯಾದವರ ಪಾಡು ಹಾಗಲ್ಲ. ದಾಖಲೆಯ ಪುಸ್ತಕದಲ್ಲಿ ಹೆಸರು ಎರಡಾಗಿ ಒಡೆದರೆ, ಅವರ ಅರ್ಧ ಸಾಧನೆ ಯಾರೋ ಅಪರಿಚಿತರ ಪಾಲಾಗಿಬಿಡುತ್ತದೆ.