ನಂಜನಗೂಡಿನ ದಾರಿಯಲ್ಲಿ ನಾವು ಮರೆತುದು

ರಜೆಯ ದಿನಗಳು ಬಂದವೆಂದರೆ ಮಕ್ಕಳುಮರಿಗಳೊಡನೆ ಮೈಸೂರಿನ ಸುತ್ತಣ ಸ್ಥಳಗಳನ್ನು ನೋಡಲು ಹೊರಡುವ ಗೃಹಸ್ಥರು ಅನೇಕರುಂಟು. ನಂಜನಗೂಡಿನಲ್ಲಿ ಕಪಿಲೆಯಲ್ಲಿ ಮಿಂದು ಶ್ರೀಕಂಠೇಶ್ವರನ ದರ್ಶನ ಪಡೆಯುವುದು, ತಿರುಮಕೂಡಲು ನರಸೀಪುರದಲ್ಲಿ ನದಿಗಳ ಸಂಗಮವನ್ನು ಕಾಣುವುದು, ತಲಕಾಡು ಸೋಮನಾಥಪುರಗಳನ್ನು ನೋಡಿಕೊಂಡು ಮನೆಗೆ ಮರಳುವುದು ವಾಡಿಕೆಯಾಗಿದೆ. ಇವೆಲ್ಲವೂ ನೋಡತಕ್ಕವುಗಳೆಂಬುದರಲ್ಲಿ ಸಂದೇಹವಿಲ್ಲ. ಸೋಮನಾಥಪುರದ ದೇವಾಲಯವು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ನಮಗೆಲ್ಲರಿಗೂ ಹೆಮ್ಮೆಯ ವಿಷಯ. ೧೭೩೫ರಲ್ಲಿ ಕಟ್ಟಿದ ನಂಜನಗೂಡಿನ ಹಳೆಯ ಸೇತುವೆಯನ್ನು ಸಹ ಈಗ ಯಾತ್ರಿಕರು ನಿಂತು ನೋಡುತ್ತಾರೆ. ಹೇಳುವವರಿದ್ದರೆ ನೋಡುವವರೂ ಇರುತ್ತಾರೆಂಬುದಕ್ಕೆ ಇದೇ ಸಾಕ್ಷಿ.

ಆದರೆ ಹೇಳುವವರಿಲ್ಲದೆ ಉಳಿದ ಚರಿತ್ರೆಯೊಂದು ಇದೇ ಸೀಮೆಯಲ್ಲಿ ಉಂಟು. ಕ್ರೈಸ್ತಮತವು ಈ ನಾಡಿಗೆ ಇಂಗ್ಲಿಷರೊಡನೆ ಬಂದಿತೆಂದು ನಮ್ಮಲ್ಲಿ ಬಹುಮಂದಿ ಎಣಿಸಿದ್ದೇವೆ. ಸಂಗತಿಯು ಹಾಗಿಲ್ಲ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿಯೇ, ಎಂದರೆ ಸುಮಾರು ೧೬೪೮ರಲ್ಲಿ, ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸ್ಯುಯಿಟ್ ಪಾದ್ರಿಯು ಶ್ರೀರಂಗಪಟ್ಟಣಕ್ಕೆ ಬಂದನು. ಈತನು ಮೊದಲು ಮಾಡಿದ ಕೆಲಸವು ನಮ್ಮ ಭಾಷೆಯನ್ನು ಕಲಿತುದು. ಕನ್ನಡ ವ್ಯಾಕರಣವೊಂದನ್ನೂ ಬರೆದನು. ಆತನು ತೊಡಗಿದ ಕಾರ್ಯವು ಕ್ರಮೇಣ ದಕ್ಷಿಣಕ್ಕೆ ಸತ್ಯಮಂಗಲದ ಕಡೆಯವರೆಗೂ ಹಬ್ಬಿತು. ನಂಜನಗೂಡು ನರಸೀಪುರಗಳ ಸೀಮೆಯು ಈ ಎರಡರ ನಡುವೆ ಇರತಕ್ಕದ್ದೆಂಬುದನ್ನು ವಾಚಕರು ಗಮನಿಸಬೇಕು.

ಇನ್ನೊಬ್ಬರ ಹೆಸರೂ ಸ್ಮರಣೀಯವಾದುದು. ೧೭೯೯ರ ಯುದ್ಧವು ಮುಗಿದ ಬಳಿಕ ಆಬೆ ದುಬುವಾ ಎಂಬ ಫ್ರೆಂಚ್ ಪಾದ್ರಿಯು ಶ್ರೀರಂಗಪಟ್ಟಣದ ಕ್ರೈಸ್ತರ ನಡುವೆ ಬಂದು ನೆಲೆಸಿದನು. ದೇಶೀಯರ ಉಡುಪನ್ನೇ ತೊಟ್ಟು, ಅವರ ಆಹಾರವನ್ನೇ ಉಂಡು, ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗುವವರೆಗೂ ನಮ್ಮವರಲ್ಲಿ ಒಬ್ಬನಂತೆ ಬಾಳಿದನು. ನಮ್ಮ ಆಚಾರಗಳನ್ನು ಕುರಿತ ಈತನ ಗ್ರಂಥವು ಪ್ರಸಿದ್ಧವಾಗಿದೆ. ಅದರಲ್ಲಿನ ಎಲ್ಲ ಮಾತುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಸಿಡುಬು ಊರೂರನ್ನೇ ಬರಿದುಮಾಡುತ್ತಿದ್ದ ಆ ಕಾಲದಲ್ಲಿ, ೧೮೦೩-೦೪ರ ಸುಮಾರಿಗೆ, ಹೊಸದಾಗಿ ಬಂದ ಹಸುವಿನ ಸಿಡುಬಿನ ಲಸಿಕೆಯನ್ನು ಈ ಸೀಮೆಯಲ್ಲಿ ಸಾವಿರಾರು ಜನರಿಗೆ ಹಾಕಿಸಲು ಈತನು ಶ್ರಮಿಸಿದುದನ್ನು ಮರೆಯಲಾಗದು. ರೋಗಹರನೆಂದು ನಂಜುಂಡನಿಗೆ ಹರಕೆ ಹೊರುವ ನಾವು, ಮಕ್ಕಳ ಪ್ರಾಣವನ್ನು ಉಳಿಸಿದವರ ಉಪಕಾರವನ್ನು ನೆನೆದರೆ ನಮ್ಮ ಭಕ್ತಿಗೇನೂ ಕುಂದಾಗದು.

ಮೈಸೂರಿಗೆ ಬಂದವರೆಲ್ಲ ಸಂತ ಫಿಲೋಮಿನಾ ಇಗರ್ಜಿಯ ಎತ್ತರದ ಗೋಪುರಗಳನ್ನು ನೋಡಿ ಬೆರಗಾಗುತ್ತಾರೆ. ೧೯೩೩ರಲ್ಲಿ ಅದಕ್ಕೆ ಅಸ್ತಿಭಾರವನ್ನು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಹಿರಿದಾದುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಆದರೆ ಆಬೆ ದುಬುವಾನ ಹೆಸರಿನೊಡನೆ ಕೂಡಿಬಂದಿರುವ ಗಂಜಾಮಿನ ಚಿಕ್ಕ ಇಗರ್ಜಿಯ ಕಡೆಗೆ ಗಾಡಿಯನ್ನು ತಿರುಗಿಸುವವರು ಎಷ್ಟು ಮಂದಿ? ಪ್ರವಾಸದ ಕರಪತ್ರಗಳಲ್ಲಿ ಅರಮನೆಗೂ ಅಣೆಕಟ್ಟಿಗೂ ದೊರೆಯುವ ಸ್ಥಳದಲ್ಲಿ ನೂರರಲ್ಲೊಂದು ಪಾಲು ಇಂತಹವುಗಳಿಗೆ ದೊರೆತರೂ ಸಾಕಾಗಿದ್ದಿತು.

ಇದು ಒಂದು ಮತದವರ ಕೊರತೆಯೆಂದು ನಾವು ಹೇಳುತ್ತಿಲ್ಲ, ನಷ್ಟವು ನಾಡಿನದು. ಅರಸರ ಔದಾರ್ಯ, ಪರದೇಶಿಯ ಭಾಷಾಭ್ಯಾಸ, ನೆರೆಹೊರೆಯವರ ಸಹನೆ, ಇವೆಲ್ಲವೂ ಆ ಚರಿತ್ರೆಯಲ್ಲಿ ಅಡಗಿವೆ. ಹಳೆಯ ಗೋರಿಯ ಮೇಲಣ ಅಕ್ಷರಗಳು ಮಳೆಗಾಳಿಗೆ ಸವೆಯುತ್ತವೆ; ಹಿರಿಯರ ಬಾಯಿಂದ ಬಂದ ಮಾತು ಅವರೊಡನೆಯೇ ಹೋಗುತ್ತದೆ. ಕಳೆದುಹೋದ ಬಳಿಕ ಯಾವ ಇಲಾಖೆಯೂ ಅವನ್ನು ಮರಳಿ ತರಲಾರದು.

ಆದುದರಿಂದ ಅಧಿಕಾರಿಗಳು ಇಂತಹ ಸ್ಥಳಗಳಲ್ಲಿ ಕನ್ನಡದ ಫಲಕವೊಂದನ್ನು ನಿಲ್ಲಿಸಲಿ. ಊರಿನ ಉಪಾಧ್ಯಾಯರು ಹಳೆಯ ಶಿಲುಬೆಕಲ್ಲುಗಳನ್ನೂ ಗೋರಿಗಳನ್ನೂ ಗುರುತಿಸಿ ಬರೆದಿಡಲಿ. ಇವರಿಬ್ಬರನ್ನೂ ಕಾಯದೆ ನಾವು ಮಾಡಬಹುದಾದುದೂ ಒಂದುಂಟು. ಮುಂದಿನ ಸಲ ನಂಜನಗೂಡಿಗೆ ಹೊರಟಾಗ ಒಂದು ಗಳಿಗೆಯನ್ನು ಇದಕ್ಕೂ ಮೀಸಲಿಟ್ಟು, ಇಲ್ಲಿ ಹೀಗೊಬ್ಬರಿದ್ದರೆಂದು ಮಕ್ಕಳಿಗೆ ಹೇಳೋಣ.