ಸಣ್ಣ ಪಾರ್ಸೆಲಿಗೂ ಸುಂಕ: ಅಮೆರಿಕದ ಹವ್ಯಾಸಿಗಳು, ನಮ್ಮ ರಫ್ತುದಾರರು

ಕಸೂತಿ ದಾರ, ಮಣಿ, ಅಚ್ಚುಬಟ್ಟೆ ಮುಂತಾದ ಹವ್ಯಾಸ ಸಾಮಗ್ರಿಗಳನ್ನು ಅಮೆರಿಕದ ಗ್ರಾಹಕರು ವಿದೇಶಗಳಿಂದ ಬಿಡಿಯಾಗಿ ತರಿಸಿಕೊಳ್ಳಲು ಅಲ್ಲಿನ ‘ಡಿ ಮಿನಿಮಿಸ್’ ನಿಯಮ, ಅಂದರೆ ಅಲ್ಪಮೌಲ್ಯದ ಸರಕಿಗೆ ನೀಡುವ ಸುಂಕ ವಿನಾಯಿತಿ, ಬಹುಕಾಲ ನೆರವಾಗಿತ್ತು. ಇದರ ಮಿತಿಯನ್ನು 2016ರಲ್ಲಿ 200 ಡಾಲರುಗಳಿಂದ 800 ಡಾಲರುಗಳಿಗೆ ಏರಿಸಲಾಗಿತ್ತು. 2025ರ ಮೇ 2ರಂದು ಚೀನಾ ಹಾಗೂ ಹಾಂಗ್‌ಕಾಂಗ್ ಸರಕುಗಳಿಗೂ, ಆಗಸ್ಟ್ 29ರಂದು ಉಳಿದ ದೇಶಗಳ ಸರಕುಗಳಿಗೂ ಈ ವಿನಾಯಿತಿ ರದ್ದಾಯಿತು.

ದೊಡ್ಡ ಆಮದುದಾರನ ದಾಖಲೆ ಮತ್ತು ನಿರ್ವಹಣೆಯ ವೆಚ್ಚವು ಸಾವಿರಾರು ನಗಗಳ ಮೇಲೆ ಹಂಚಿಹೋಗುತ್ತದೆ. 20 ಡಾಲರಿನ ದಾರ ಕೊಂಡ ಹವ್ಯಾಸಿಗಾದರೋ ಅದೆಲ್ಲವೂ ಒಂದೇ ಪಾರ್ಸೆಲಿನ ಮೇಲೆ ಬೀಳುತ್ತದೆ. ಕೊರಿಯರ್ ಸಂಸ್ಥೆಯ ಸೇವಾಶುಲ್ಕವೇ ಕೆಲವೊಮ್ಮೆ ಸುಂಕವನ್ನು ಮೀರುತ್ತದೆ. ಇದಲ್ಲದೆ, ಸುಂಕದ ದರವು ಸರಕು ತಯಾರಾದ ದೇಶವನ್ನು ಅವಲಂಬಿಸುತ್ತದೆಯೇ ಹೊರತು ರವಾನೆಯಾದ ದೇಶವನ್ನಲ್ಲ.

ಈ ಬದಲಾವಣೆಯ ಬಿಸಿ ಭಾರತಕ್ಕೂ ತಟ್ಟಿತು. ಅಮೆರಿಕಕ್ಕೆ ಹೋಗುವ ಪಾರ್ಸೆಲುಗಳ ಸ್ವೀಕಾರವನ್ನು ಅಂಚೆ ಇಲಾಖೆಯು 2025ರ ಆಗಸ್ಟ್ 25ರಿಂದ ಬಹುಮಟ್ಟಿಗೆ ನಿಲ್ಲಿಸಿ, ಅಕ್ಟೋಬರ್ 15ರಂದು ಪುನರಾರಂಭಿಸಿತು. ಆಗ ಬುಕಿಂಗ್ ಸಮಯದಲ್ಲಿಯೇ ಸುಂಕ ವಸೂಲು ಮಾಡುವ ಪದ್ಧತಿ ಬಂದಿತು.

ಆದುದರಿಂದ ಕರ್ನಾಟಕದ ಕರಕುಶಲ ರಫ್ತುದಾರರು ಬಿಲ್ಲಿನಲ್ಲಿ ತಯಾರಿಕೆಯ ದೇಶ, ಎಚ್‌ಎಸ್ ಸಂಕೇತ ಹಾಗೂ ನೈಜ ಮೌಲ್ಯವನ್ನು ನಮೂದಿಸಿ, ಸುಂಕ ಸೇರಿದ ಒಟ್ಟು ಬೆಲೆಯನ್ನು ಗ್ರಾಹಕರಿಗೆ ಮುಂಚಿತವಾಗಿಯೇ ತಿಳಿಸುವುದು ಉಚಿತ. ಅನಿರೀಕ್ಷಿತ ಸುಂಕಕ್ಕೆ ಬೇಸತ್ತು ಗ್ರಾಹಕನು ನಿರಾಕರಿಸಿದ ಪಾರ್ಸೆಲಿನಿಂದ ಲಾಭವಿರಲಿ, ಸಾಗಣೆಯ ವೆಚ್ಚವೂ ಹುಟ್ಟುವುದಿಲ್ಲ.