ಎಪ್ಪತ್ತು ದಾಟಿದವರಿಗೆ ದಿನಕ್ಕೊಂದು ಆಸ್ಪಿರಿನ್ ಬೇಕೇ?

ರಕ್ತ ತೆಳ್ಳಗಾಗಲಿ ಎಂದು ಊಟವಾದ ಮೇಲೆ ಒಂದು ಪುಟ್ಟ ಆಸ್ಪಿರಿನ್ ನುಂಗುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಕೆಲವರಿಗೆ ಹೃದಯಾಘಾತವಾದ ಮೇಲೆ ವೈದ್ಯರೇ ಬರೆದುಕೊಟ್ಟಿರುತ್ತಾರೆ. ಇನ್ನು ಕೆಲವರು ಯಾವ ಕಾಯಿಲೆಯೂ ಇಲ್ಲದೆ, ಒಳ್ಳೆಯದಂತೆ ಎಂದು ಶುರುಮಾಡಿರುತ್ತಾರೆ. ನನಗೆ ಆತಂಕ ಇವರದ್ದೇ.

ಆಸ್ಪಿರಿನ್ ರಕ್ತವನ್ನೇನೂ ತೆಳ್ಳಗಾಗಿಸುವುದಿಲ್ಲ. ಡೆಂಗಿ ಬಂದಾಗ ಎಣಿಸುತ್ತಾರಲ್ಲ, ಆ ಪ್ಲೇಟ್‌ಲೆಟ್‌ಗಳ ಕೈಕಟ್ಟುತ್ತದೆ. ರಕ್ತನಾಳಕ್ಕೆ ಗಾಯವಾದರೆ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಸೂಸಿ ಒಂದನ್ನೊಂದು ಕರೆದು ಅಂಟಿಕೊಳ್ಳುತ್ತವೆ. ಅದನ್ನು ತಯಾರಿಸಲು ಬೇಕಾದ ಕಾಕ್ಸ್-1 ಎಂಬ ಕಿಣ್ವವನ್ನು ಆಸ್ಪಿರಿನ್ ಶಾಶ್ವತವಾಗಿ ಕೆಡಿಸಿಬಿಡುತ್ತದೆ. ಬೇರೆ ಜೀವಕೋಶವಾಗಿದ್ದರೆ ಹೊಸ ಕಿಣ್ವ ಮಾಡಿಕೊಳ್ಳುತ್ತಿತ್ತು. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ಸೇ ಇಲ್ಲ. ಹಾಗಾಗಿ ಅದು ಬದುಕಿರುವ ವಾರ, ಹತ್ತು ದಿನವೂ ಥ್ರಾಂಬಾಕ್ಸೇನ್ ಇಲ್ಲದೆಯೇ ಕಳೆಯಬೇಕು. ಸಣ್ಣ ಡೋಸೇ ಸಾಕಾಗುವುದು ಇದರಿಂದಲೇ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ಪ್ರೊಸ್ಟಾಗ್ಲಾಂಡಿನ್‌ಗಳಿಗೂ ಇದೇ ಕಿಣ್ವ ಬೇಕು. ಕಾವಲು ಸಡಿಲವಾದ ಜಾಗದಲ್ಲಿ ರಕ್ತ ಒಸರಿದರೆ, ಅದನ್ನು ನಿಲ್ಲಿಸಬೇಕಾದ ಪ್ಲೇಟ್‌ಲೆಟ್‌ಗಳೂ ದುರ್ಬಲ.

ಆರೋಗ್ಯವಂತ ಹಿರಿಯರಲ್ಲಿ ಲಾಭ ಹೆಚ್ಚೋ ನಷ್ಟ ಹೆಚ್ಚೋ ಎಂದು ನೋಡಲು ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 'ಆಸ್ಪ್ರೀ' ಎಂಬ ಪ್ರಯೋಗ ನಡೆಯಿತು. 19,114 ಮಂದಿ, ಹೆಚ್ಚಿನವರು 70 ದಾಟಿದವರು, ಹೃದ್ರೋಗ ಇಲ್ಲದವರು. ಅರ್ಧದಷ್ಟು ಜನರಿಗೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆ. ಫಲಿತಾಂಶ 2018ರಲ್ಲಿ ಬಂತು. ಹೃದಯಾಘಾತ, ಪಾರ್ಶ್ವವಾಯುಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಗಂಭೀರ ರಕ್ತಸ್ರಾವ ಶೇ 2.8ರಿಂದ 3.8ಕ್ಕೆ ಏರಿತ್ತು. ಸಾವಿನ ಪ್ರಮಾಣವೂ ಹೆಚ್ಚಾಗಿತ್ತು: ಸುಮಾರು ಐದು ವರ್ಷಗಳಲ್ಲಿ ಹುಸಿಗುಳಿಗೆಯವರಲ್ಲಿ ಶೇ 5.2, ಆಸ್ಪಿರಿನ್‌ನವರಲ್ಲಿ ಶೇ 5.9.

ಹೆಚ್ಚಿನ ಸಾವುಗಳಿಗೆ ಮುಖ್ಯ ಕಾರಣ ರಕ್ತಸ್ರಾವವಲ್ಲ, ಕ್ಯಾನ್ಸರ್. ಇದು ಸಂಶೋಧಕರಿಗೇ ಅಚ್ಚರಿ ತಂದಿತು. ಹಿಂದಿನ ಪ್ರಯೋಗಗಳಲ್ಲಿ ಹೀಗೆ ಕಂಡಿರಲಿಲ್ಲವಾದ್ದರಿಂದ ಈ ಅಂಕಿಯನ್ನು ಎಚ್ಚರಿಕೆಯಿಂದ ಓದಿ ಎಂದು ಅವರೇ ಬರೆದರು. ಅವರ ಮಾತು ಸರಿ. ಆಸ್ಪಿರಿನ್‌ನಿಂದ ಕ್ಯಾನ್ಸರ್ ಬರುತ್ತದೆ ಎಂದು ಯಾರೂ ಹೆದರಬೇಕಿಲ್ಲ. ರಕ್ತಸ್ರಾವದ ಲೆಕ್ಕವೊಂದೇ ಸಾಕು. 60 ದಾಟಿದವರು ಹೃದ್ರೋಗ ತಡೆಯಲೆಂದು ಹೊಸದಾಗಿ ಆಸ್ಪಿರಿನ್ ಆರಂಭಿಸುವುದು ಬೇಡ ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2022ರಲ್ಲಿ ಹೇಳಿತು.

ಸ್ಟೆಂಟ್ ಹಾಕಿಸಿಕೊಂಡವರ, ಒಮ್ಮೆ ಹೃದಯಾಘಾತವಾದವರ ಲೆಕ್ಕವೇ ಬೇರೆ. ಅವರಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆ, ಥಟ್ಟನೆ ಬಿಟ್ಟರೆ ಸ್ಟೆಂಟ್‌ನಲ್ಲೇ ಹೆಪ್ಪುಗಟ್ಟಬಹುದು. ಅವರು ಇದನ್ನು ಓದಿ ಮಾತ್ರೆ ಬಿಡಬಾರದು; ಸುಮ್ಮನೆ ಶುರುಮಾಡಿದವರು ಮುಂದಿನ ಸಲ ವೈದ್ಯರ ಬಳಿ ಹೋದಾಗ ಆ ಮಾತ್ರೆಯ ಹಾಳೆಯನ್ನೂ ಒಯ್ದು ತೋರಿಸಲಿ.